ಬಳೆಗಾರನ ಮಗಳು ಸುದ್ದಿ ತರಲು ಹೋದದ್ದು

ಮೊನ್ನೆ ಬೆಳಿಗ್ಗೆ ನನ್ನ ಮೈಕಿನ ಟೋಪಿ ಕಾಣೆಯಾಯಿತು. ಟೋಪಿ ಅಂದರೆ ಮೈಕಿನ ತಲೆಗೆ ಹಾಕುವ ಕರಿ ಸ್ಪಂಜಿನ ಗವುಸು; ಗಾಳಿ ಬಡಿದು ಭರ್ ಭರ್ ಅನ್ನದಿರಲಿ ಎಂದು ಹಾಕುತ್ತಾರೆ. ಬ್ಯಾಗು ಜಾಡಿಸಿದೆ, ಹಾಸಿಗೆ ಕೊಡವಿದೆ, ತಮ್ಮನ ಮೇಲೆ ಸುಮ್ಮನೆ ಒಂದು ಸಲ ಹರಿಹಾಯ್ದೆ. ಕೊನೆಗೆ ಅದು ಸಿಕ್ಕಿದ್ದು ಬಚ್ಚಲ ಕಟ್ಟೆಯ ಮೇಲೆ, ಸಾಬೂನಿನ ನೊರೆಯಲ್ಲಿ. ಅಮ್ಮಿ ಅದರೊಳಗೆ ಎರಡು ಬೆರಳು ತೂರಿಸಿಕೊಂಡು ಚಹಾದ ಗ್ಲಾಸು ತಿಕ್ಕುತ್ತಿದ್ದಳು.

"ಅಮ್ಮೀ, ಅದು ನನ್ನ ಮೈಕಿಂದು!"

"ಹೌದೇನ? ಗ್ಲಾಸಿನ ತಳಾ ಎಷ್ಟ ಚಂದ ತಿಕ್ಕತೈತಿ ನೋಡ. ಇನ್ನೊಂದ ಇದ್ರ ಅದನ್ನೂ ಕೊಡ."

ಸಿಟ್ಟು ಬರಬೇಕಿತ್ತು, ಬಂತು ಕೂಡ. ಆದರೆ ಸಿಟ್ಟಿನ ಬೆನ್ನಿಗೇ ಒಂದು ಗೊಂದಲವೂ ಬಂದು ಕುಳಿತಿತು. ಆ ಟೋಪಿ ಇಷ್ಟು ವರ್ಷ ನನ್ನ ಹತ್ತಿರ ಇದ್ದು ಮಾಡಿದ ಕೆಲಸ ಹೆಚ್ಚೋ, ಅಮ್ಮಿಯ ಕೈಯಲ್ಲಿ ಒಂದೇ ಬೆಳಿಗ್ಗೆ ಮಾಡಿದ ಕೆಲಸ ಹೆಚ್ಚೋ? ಗ್ಲಾಸುಗಳಂತೂ ಫಳಫಳ ಹೊಳೆಯುತ್ತಿದ್ದವು. ನಾನು ಚಹಾ ಕುಡಿದು ಸುಮ್ಮನಾದೆ.

ನಾನು ರೇಡಿಯೋ ಪತ್ರಕರ್ತೆ. ಗೋಕಾಕದಲ್ಲಿ ಹೀಗೆ ಹೇಳಿದರೆ ಎರಡೇ ಪ್ರಶ್ನೆ ಬರುತ್ತವೆ. ಒಂದು, "ಟಿವ್ಯಾಗ ಯಾವಾಗ ಬರ್ತಿ?" ಇನ್ನೊಂದು, "ರೇಡಿಯೋ ಇನ್ನಾ ಐತೇನ?" ಐತಿ ಎಂದು ನಾನು ಹೇಳುತ್ತೇನೆ. ಹೇಳುವಾಗ ನನಗೇ ಒಂದು ಸಣ್ಣ ಅನುಮಾನ ಇರುತ್ತದೆ ಎಂಬುದನ್ನು ನಿಮ್ಮ ಹತ್ತಿರ ಮುಚ್ಚಿಡುವುದೇನು! ಬಾಜೂ ಮನೆಯ ಕಾಕು ಅಂತೂ ನಾನು ರೇಡಿಯೋ ರಿಪೇರಿ ಕಲಿತಿದ್ದೇನೆ ಎಂದೇ ತಿಳಿದು, ಒಮ್ಮೆ ಕೆಟ್ಟ ಮಿಕ್ಸರನ್ನು ತಂದು ನಮ್ಮ ಪಡಸಾಲೆಯಲ್ಲಿ ಇಟ್ಟು ಹೋಗಿದ್ದಳು. ನಾನು ಅದನ್ನು ಬಿಚ್ಚಿ ನೋಡಿದೆ. ಯಾಕೆ ಬಿಚ್ಚಿದೆ ಎಂದು ಮಾತ್ರ ಕೇಳಬೇಡಿ.

ನಮ್ಮದು ಬಳೆಗಾರರ ಮನೆ. ಅಜ್ಜ ಬಳೆಯ ಮಲಾರ ಹೆಗಲಿಗೆ ಹಾಕಿಕೊಂಡು ಹಳ್ಳಿ ಹಳ್ಳಿ ತಿರುಗಿದವರು. ಅಬ್ಬಾ ಸಂತೆಗಳನ್ನು ಹಿಡಿದರು: ಗೋಕಾಕ, ಮೂಡಲಗಿ, ಹುಕ್ಕೇರಿ. ಒಂದು ತಾಡಪತ್ರಿ, ನಾಲ್ಕಾರು ಪೆಟ್ಟಿಗೆ, ಕೂರಲು ಒಂದು ಮಣೆ, ಅಷ್ಟೇ ಅಂಗಡಿ. ಮನೆಯಲ್ಲಿ ನಾವು ಆಡುವುದು ಉರ್ದು ಎಂದು ನಾವು ತಿಳಿದಿದ್ದೇವೆ. ಆದರೆ ಅಬ್ಬಾ ಸಂತೆಯಿಂದ ಬರುವಾಗ ದಿನವೂ ಅಷ್ಟಷ್ಟು ಕನ್ನಡ ತಂದು ತಂದು, ಈಗ ಉರ್ದು ಯಾವ ಮೂಲೆಯಲ್ಲಿ ಕೂತಿದೆಯೋ ಹುಡುಕಬೇಕು.

ಗಾಜಿನ ಬಳೆ ತೊಡಿಸುವುದು ನೋಡುವವರಿಗೆ ಸಲೀಸು. ಕೈಯನ್ನು ಮಡಿಸಿ, ಹೆಬ್ಬೆರಳಿನ ಬುಡ ಒತ್ತಿ, ಗೆಣ್ಣಿನ ಮೇಲಿಂದ ಬಳೆ ದಾಟಿಸಬೇಕು. ಕೈ ಬಿಗಿ ಹಿಡಿದರೆ ಬಳೆಯೂ ಹೋಯಿತು, ಚರ್ಮವೂ ಹೋಯಿತು. ಅದಕ್ಕೇ ಬಳೆಗಾರ ಮಾತಾಡಿಸುತ್ತಾನೆ. "ತವರಮನ್ಯಾಗ ಎಲ್ಲಾರೂ ಆರಾಮ ಅದಾರೇನವ್ವಾ?" ಎಂದು ಅಬ್ಬಾ ಕೇಳಿದರೆ ಸಾಕು. ಗಂಡನ ಮುಂದೆ, ಅತ್ತೆಯ ಮುಂದೆ, ಹಡೆದವ್ವನ ಮುಂದೆಯೂ ಆಡದ ಮಾತು ಅಲ್ಲಿ ಬಂದುಬಿಡುತ್ತದೆ. ಮಾತು ಸಡಿಲಾದ ಹಾಗೆ ಕೈಯೂ ಸಡಿಲಾಗುತ್ತದೆ. ಅಬ್ಬಾ "ಹೂಂ, ಹೂಂ" ಎನ್ನುತ್ತ ಬಳೆ ಏರಿಸುತ್ತಾರೆ.

ಆ ಮಾತು ಅಲ್ಲಿಂದ ಎಲ್ಲಿಗೂ ಹೋಗಬಾರದು ಎಂಬುದು ನಮ್ಮ ಮನೆತನದ ಕಟ್ಟಳೆ. ಮೂಡಲಗಿಯಲ್ಲಿ ಕೇಳಿದ್ದು ಮೂಡಲಗಿಯಲ್ಲಿ, ಹುಕ್ಕೇರಿಯಲ್ಲಿ ಕೇಳಿದ್ದು ಹುಕ್ಕೇರಿಯಲ್ಲಿ. ಸಾಲಿಯ ಸೂಟಿಯಲ್ಲಿ ನಾನು ಅಬ್ಬಾನ ಸಂಗಡ ಹೋಗಿ, ಪೆಟ್ಟಿಗೆಗಳ ಹಿಂದೆ ಕುಳಿತು ಬಣ್ಣ ಬಣ್ಣದ ಬಳೆ ಬೇರೆ ಮಾಡುತ್ತ ಕಿವಿ ಅಗಲ ಮಾಡಿಕೊಂಡು ಇರುತ್ತಿದ್ದೆ. ಬಸ್ಸಿನಲ್ಲಿ ವಾಪಸು ಬರುವಾಗ ತಡೆಯಲಾಗುತ್ತಿರಲಿಲ್ಲ. "ಅಬ್ಬಾ, ಆ ಹಸಿರ ಸೀರಿಯಾಕಿ ಯಾಕ ಅಳಾಕತ್ತಿದ್ಲು?" ಎಂದರೆ ಅಬ್ಬಾ ಕಿಟಕಿಯ ಹೊರಗೆ ಕಬ್ಬು ನೋಡುತ್ತಿದ್ದರು. "ಯಾವ ಹಸಿರ ಸೀರಿ?" ಅವರಿಗೆ ಖರೆ ಖರೆ ಮರೆತಿದೆ ಎಂದೇ ನಾನು ಬಹಳ ವರ್ಷ ನಂಬಿದ್ದೆ.

ಇಂಥ ಮನೆಯ ಹುಡುಗಿ ಪತ್ರಿಕೋದ್ಯಮ ಓದಲು ಹೋದಳು. ಮೊದಲನೆಯ ದಿನ ನಮ್ಮ ಸರ್ ಹೇಳಿದರು: "ಒಂದು ಊರಿನ ಮಾತನ್ನು ಇನ್ನೊಂದು ಊರಿಗೆ ಮುಟ್ಟಿಸುವುದೇ ನಮ್ಮ ಕೆಲಸ. ಯಾರೋ ಒಬ್ಬರು ಅದನ್ನು ಮುಚ್ಚಿಡುತ್ತಿದ್ದರೆ ಇನ್ನೂ ಬೇಗ ಮುಟ್ಟಿಸಿ." ಉಳಿದವರೆಲ್ಲ ತಲೆಯಾಡಿಸಿದರು. ನಾನೊಬ್ಬಳು ತಲೆ ತಗ್ಗಿಸಿದೆ. ಅಬ್ಬಾ ಕೇಳಿದರೆ ಏನೆಂದಾರು? ಆ ದಿನ ಮನೆಗೆ ಫೋನು ಮಾಡಿದಾಗ "ಏನ ಕಲಿಸಿದರು?" ಎಂದರು. "ಇನ್ನಾ ಏನೂ ಇಲ್ಲ ಅಬ್ಬಾ, ಬರೇ ಪರಿಚಯ" ಎಂದೆ.

ರೇಡಿಯೋವನ್ನೇ ಯಾಕೆ ಆರಿಸಿಕೊಂಡೆ ಎಂದರೆ ಅದಕ್ಕೂ ನನ್ನ ಹತ್ತಿರ ನೆಟ್ಟಗಿನ ಉತ್ತರ ಇಲ್ಲ. ಕ್ಯಾಮೆರಾ ಮುಂದೆ ನಿಂತರೆ ನನ್ನ ಕೈ ಎಲ್ಲಿಡಬೇಕೋ ತಿಳಿಯುತ್ತಿರಲಿಲ್ಲ. ರೇಡಿಯೋದಲ್ಲಿ ಕೈ ಕಾಣುವುದಿಲ್ಲ. ಅಷ್ಟೇ ಇರಬೇಕು. ಆದರೆ ಅಲ್ಲಿ ಬೇರೆ ತರಹದ ಪಜೀತಿಗಳಿದ್ದವು. "ನಿಮ್ಮೂರಿನ ಶಬ್ದ ಹಿಡಿದು ತನ್ನಿ" ಎಂದು ಸರ್ ಹೇಳಿದಾಗ, ಮಳೆಗಾಲದಲ್ಲಿ ನಮ್ಮ ಜಲಪಾತಕ್ಕೆ ಹೋಗಿ, ಬಂಡೆಯ ಮೇಲೆ ಜೀವ ಕೈಯಲ್ಲಿ ಹಿಡಿದು ನಿಂತು ರೆಕಾರ್ಡ್ ಮಾಡಿಕೊಂಡು ಬಂದೆ. ತರಗತಿಯಲ್ಲಿ ಹಚ್ಚಿದರು. ಎಲ್ಲರೂ ಕಣ್ಣು ಮುಚ್ಚಿ ಕೇಳಿದರು. ಸರ್ ನಿಧಾನಕ್ಕೆ ಕಣ್ಣು ತೆರೆದು, "ಯಾರ ಮನೆಯಲ್ಲಮ್ಮಾ ಮಿರ್ಚಿಭಜಿ ಕರಿಯುತ್ತಿದ್ದಾರೆ?" ಎಂದರು. ಮತ್ತೆ ಕೇಳಿದರೆ ನನಗೂ ಭಜಿಯದೇ ವಾಸನೆ ಬಂತು.

ಇನ್ನೊಮ್ಮೆ ಮಮದಾಪುರಕ್ಕೆ ಹೋದೆ. ಅಲ್ಲಿ ಅಬ್ಬಾನ ಗೆಳೆಯ ಬಸಪ್ಪಕಾಕಾ ಇದ್ದಾರೆ. ಹೊಲದ ಕತೆ ಹೇಳಲು ಕುಳಿತರೆ ಊಟದ ಹೊತ್ತು ಮೀರುತ್ತದೆ. ಇವರಿಗಿಂತ ಬೇಕೇ ಎಂದು ಮೈಕು ಹಿಡಿದೆ. ಕೆಂಪು ದೀಪ ಹತ್ತಿದ್ದೇ ತಡ, ಕಾಕಾ ಎದ್ದು ನಿಂತರು, ರುಮಾಲು ಸರಿಮಾಡಿಕೊಂಡರು, ಗಂಟಲು ಕೆರೆದು ಶುರು ಮಾಡಿದರು: "ವೇದಿಕೆಯ ಮೇಲಿರುವ ಗಣ್ಯರೇ, ಊರಿನ ಗುರುಹಿರಿಯರೇ..." ಅಲ್ಲಿ ವೇದಿಕೆ ಎಂದರೆ ಮೇವಿನ ಬಣವೆ, ಗಣ್ಯರು ಎಂದರೆ ಒಂದು ಎಮ್ಮೆ ಮತ್ತು ನಾನು. "ಕಾಕಾ, ನನ್ನ ಸಂಗಟ ಮಾತಾಡಿದಂಗ ಮಾತಾಡ್ರಿ" ಎಂದೆ. "ರೇಡಿಯೋದಾಗ ಹಂಗ ಮಾತಾಡಾಕ ಬರ್ತೈತೇನವಾ? ನಾಕ ಮಂದಿ ಕೇಳತಾರ" ಎಂದರು. ಮೈಕು ಬಂದ್ ಮಾಡಿದ ಮೇಲೆ ಎಷ್ಟು ಚೆಂದ ಮಾತಾಡಿದರು ಅಂತೀರಿ! ಅರಭಾವಿಯ ಬಸ್ಸಿನಲ್ಲಿ ಸಿಕ್ಕ ಒಬ್ಬ ಮುದುಕಿಯಂತೂ ನಾನು ಕೇಳಿದ್ದಕ್ಕೆಲ್ಲ ಗೋಣು ಅಲ್ಲಾಡಿಸಿಯೇ ಉತ್ತರ ಕೊಟ್ಟಳು. ಮನೆಗೆ ಬಂದು ಹಚ್ಚಿದರೆ ಬರೀ ನನ್ನ ಪ್ರಶ್ನೆಗಳು ಮತ್ತು ಬಸ್ಸಿನ ಹಾರ್ನು.

ಅಂತೂ ಪಾಸಾದೆ. ದೂರದ ಊರಿನ ಒಂದು ರೇಡಿಯೋ ಕೇಂದ್ರದಲ್ಲಿ, ಕರೆದಾಗ ಹೋಗುವ ಕೆಲಸವೂ ಸಿಕ್ಕಿತು. ಅಲ್ಲಿ ನಾನು ಪೇಟೆ ಧಾರಣೆ ಓದುತ್ತಿದ್ದೆ. ಬೆಲ್ಲ ಇಷ್ಟು, ಗೋವಿನಜೋಳ ಇಷ್ಟು. ಪತ್ರಕರ್ತೆ ಎಂದುಕೊಳ್ಳಲು ಬಹಳ ಕಲ್ಪನೆ ಬೇಕಾಗುತ್ತಿತ್ತು. ಮನೆಯಲ್ಲಿ ಬಿ.ಎಡ್. ಮಾಡು ಎಂಬ ಮಾತು ಸಣ್ಣಗೆ ಎದ್ದಿತ್ತು. ಆಗಲೇ ಕೇಂದ್ರದ ಮುಖ್ಯಸ್ಥೆ, ನಮ್ಮ ಮೇಡಂ, ಒಂದು ದಿನ ಕರೆದು ಹೇಳಿದ್ದು: "ವಾರಕ್ಕೊಂದು ಕಾರ್ಯಕ್ರಮ ಖಾಲಿ ಇದೆ. ನಿನ್ನ ಬರವಣಿಗೆಯಲ್ಲಿ ಎಲ್ಲ ಇದೆ ಶಮೀಮಾ, ನೀನು ಮಾತ್ರ ಇಲ್ಲ. ನಿನಗೆ ಮಾತ್ರ ಸಿಗುವ ಶಬ್ದ ಒಂದು ತಾ. ಇಲ್ಲದಿದ್ದರೆ ಬೆಲ್ಲದ ದರ ಓದುತ್ತಿರು."

ನನಗೆ ಮಾತ್ರ ಸಿಗುವ ಶಬ್ದ ಯಾವುದು? ಜಲಪಾತದ ಕಡೆ ತಲೆ ಹಾಕಿಯೂ ಮಲಗಲಿಲ್ಲ. ಬಸ್ಸಿನಲ್ಲಿ ಊರಿಗೆ ಬರುವಾಗ ಪಕ್ಕದಲ್ಲಿ ಕುಳಿತಾಕೆ ಕೈ ಎತ್ತಿ ಕಂಬಿ ಹಿಡಿದಳು, ಬಳೆ ಘಲ್ ಎಂದವು. ನನ್ನ ತಲೆಯೊಳಗೂ ಏನೋ ಘಲ್ ಎಂದಿತು.

ಮೂಡಲಗಿ ಸಂತೆಗೆ ಅಬ್ಬಾನ ಸಂಗಡ ಹೋದೆ. ಶ್ರಾವಣದ ಮುಂಚಿನ ದಿನಗಳು. ಹೆಣ್ಣುಮಕ್ಕಳು ಹಸಿರು ಬಳೆಗೆ ಮುಗಿಬೀಳುವ ಕಾಲ. ಅಬ್ಬಾನ ಮಣೆಯ ಬಾಜೂ ಮೈಕು ಇಟ್ಟೆ. "ಏನ ಬೇ ಅದು?" ಎಂದು ಕೇಳಿದವರಿಗೆಲ್ಲ "ರೇಡಿಯೋಕ್ಕ ಬಳಿ ಸಪ್ಪಳ ಹಿಡಿಯಾಕತ್ತೇನಿ" ಎಂದೆ. ಸ್ವಲ್ಪ ಹೊತ್ತು ನಕ್ಕರು, ಆಮೇಲೆ ಮರೆತರು. ಬಳೆಗಾರನ ಕೈಗೆ ಕೈ ಕೊಟ್ಟ ಮೇಲೆ ಯಾರಿಗೂ ವೇದಿಕೆ, ಗಣ್ಯರು ನೆನಪಾಗಲಿಲ್ಲ. ಗಾಜು ಗಾಜಿಗೆ ತಾಗುವುದು, ಅಬ್ಬಾನ "ಹೂಂ", ಹೆಂಗಸರ ನಗೆ, ಹಿಂದೆ ಉಳ್ಳಾಗಡ್ಡಿ ಮಾರುವವನ ಕೂಗು. ನನಗೆ ಕುಣಿಯಬೇಕು ಅನಿಸಿತು.

ಆಗ ಶಾಂತವ್ವ ಬಂದಳು. ಆಕೆಯನ್ನು ನಾನು ಸಣ್ಣವಳಿದ್ದಾಗಿನಿಂದ ಬಲ್ಲೆ. ಕೈ ಕೊಟ್ಟು ಕುಳಿತವಳೇ ತನ್ನ ಹಳೆಯ ಮಾತು ತೆಗೆದಳು.

"ಕಾಕಾ, ಈ ಸಲಾನೂ ಪಂಚಮಿಗೆ ಅಕ್ಕ ಕರೀವಲ್ಲಳು. ಹಿಂದೊಮ್ಮೆ ಅಕಿ ಮನಿಗೆ ಹೋದಾಗ ನನ್ನ ಉಡಿ ತುಂಬದ ಕಳಿಸಿದ್ಲು. ಖಾಲಿ ಉಡೀಲೆ ಬಸ್ ಹತ್ತಿದೆ ನಾ. ಹೊಟ್ಟಿ ಸುಟ್ಟಿತ್ತು, ಹೌದು. ಆದ್ರ ಎಷ್ಟ ವರ್ಷಂತ ಸುಡತೈತ್ರೀ ಅದು? ಈಗ ಒಂದ ಮಾತ ಬಾ ಅಂದ್ರ, ಉಟ್ಟ ಸೀರಿ ಮ್ಯಾಲ ಹೊಂಟಬಿಡತೇನಿ."

"ಹೂಂ," ಅಂದರು ಅಬ್ಬಾ. "ಕೈ ಸಡಲ ಬಿಡವ್ವಾ."

ಮನೆಗೆ ಬಂದ ಹೆಣ್ಣುಮಗಳ ಸೆರಗಿಗೆ ಅಕ್ಕಿ, ಕೊಬ್ಬರಿ, ಕುಪ್ಪಸದ ಖಣ ಹಾಕಿ ಕಳಿಸುವುದು ನಮ್ಮ ಕಡೆ ಎಷ್ಟು ದೊಡ್ಡ ಮಾತೆಂದು ನಿಮಗೆ ಹೇಳಬೇಕಿಲ್ಲ. ಅದು ತಪ್ಪಿದರೆ ಬೀಗತನಗಳೇ ಮುರಿದಿವೆ. ಆದರೆ ನನ್ನ ತಲೆ ಗಿರ್ರೆಂದದ್ದು ಅದಕ್ಕಲ್ಲ. ಶಾಂತವ್ವನ ಅಕ್ಕ ಗಂಗವ್ವ ಹುಕ್ಕೇರಿಯವಳು. ಆಕೆಯೂ ಅಬ್ಬಾನ ಹತ್ತಿರವೇ ಬಳೆ ತೊಡುತ್ತಾಳೆ. ಪೆಟ್ಟಿಗೆಯ ಹಿಂದೆ ಕುಳಿತು ನಾನು ಆಕೆಯ ಮಾತನ್ನೂ ಕೇಳಿದ್ದೇನೆ. ಅವತ್ತು ಕೂಸಿಗೆ ಜ್ವರ ಏರಿ ಮೈ ಕಾದು, ಆ ಗದ್ದಲದಲ್ಲಿ ಉಡಿ ತುಂಬುವುದು ಮರೆತಿತ್ತಂತೆ. ನೆನಪಾಗಿ ಅಕ್ಕಿ ಹಿಡಿದುಕೊಂಡು ಬಸ್‌ಸ್ಟ್ಯಾಂಡಿಗೆ ಓಡಿದರೆ ಬಸ್ಸು ಹೋಗಿತ್ತಂತೆ. "ಈಗ ಯಾ ಮಾರಿ ಹೊತ್ತ ಕರೀಲಿ ಕಾಕಾ? ಅಕೀನ ಬಂದ ಬೈದ್ರೂ ಬೈಲಿ" ಎಂದು ಗಂಗವ್ವ ಪ್ರತಿ ವರ್ಷ ಅಳುತ್ತಾಳೆ. ಅಬ್ಬಾ ಅಲ್ಲಿಯೂ "ಹೂಂ" ಎನ್ನುತ್ತಾರೆ.

ಮನೆಗೆ ಬಂದು ರೆಕಾರ್ಡಿಂಗ್ ಕೇಳಿದೆ. ಶಾಂತವ್ವನ ಆ ಮಾತಿನ ಮುಂದೆ ಉಳಿದದ್ದೆಲ್ಲ ಸಪ್ಪೆ. ಇದನ್ನು ಬಿಟ್ಟರೆ ಕಾರ್ಯಕ್ರಮ ಇಲ್ಲ, ಹಾಕಿದರೆ ಅಬ್ಬಾನ ಕಟ್ಟಳೆ ಇಲ್ಲ. ಇನ್ನೊಂದು ಸಿಟ್ಟೂ ಒಳಗೆ ಕುದಿಯುತ್ತಿತ್ತು. ಅಬ್ಬಾ ಊಟಕ್ಕೆ ಕುಳಿತಾಗ ಕೇಳಿಯೇಬಿಟ್ಟೆ.

"ಅಬ್ಬಾ, ಇಷ್ಟ ವರ್ಷ ಇಬ್ಬರ ಕೈನೂ ಹಿಡದೀರಿ. ಅಕಿ ಕರೀಲಿ ಅಂತ ಇಕಿ, ಇಕಿ ಬರ್ಲಿ ಅಂತ ಅಕಿ. ಒಂದ ಮಾತ ಹೇಳಿದ್ರ ಏನಾಗತಿತ್ತು?"

ಅಬ್ಬಾ ರೊಟ್ಟಿ ಮುರಿಯುವುದನ್ನು ನಿಲ್ಲಿಸಿದರು. "ನೀ ಕೇಳಿಸಿಕೊಂಡಿದ್ದೇನ ಅದನ್ನ?"

"ಕಿವಿ ಇದ್ದುವಲ್ಲ."

"ಒಂದ ಮಾತ ಹೇಳಿದ್ರ ಎರಡನೇದ್ದೂ ಹೇಳಬೇಕಾಗತೈತಿ ಬೇಟಿ. ಇವತ್ತ ಚಲೋ ಮಾತ ಒಯ್ದೆ, ನಾಳೆ ಕೆಟ್ಟದ್ದು ಒಯ್ಯಂಗಿಲ್ಲ ಅಂತ ಯಾರ ಹೇಳ್ಯಾರು? ಆಮ್ಯಾಲೆ ನನ್ನ ಕೈಯಾಗ ಯಾ ಹೆಣ್ಮಗಳು ಕೈ ಕೊಟ್ಟಾಳು?"

"ಹಂಗಾದ್ರ ರೇಡಿಯೋಕ್ಕಂತ ಹಿಡದ ಅಕಿ ಮಾತ ನಾ ಏನ ಮಾಡ್ಲಿ?"

"ಆಕಿನ್ನ ಕೇಳ."

"ಆಕಿ ಹಾಕ ಅಂದ್ರ?"

ಅಬ್ಬಾ ಕೈಯಲ್ಲಿದ್ದ ರೊಟ್ಟಿಯನ್ನು ತಾಟಿನಲ್ಲಿಟ್ಟರು. "ನನಗೂ ತಿಳೀವಲ್ದು," ಅಂದರು. ಅವರ ಬಾಯಲ್ಲಿ ಆ ಮಾತು ಕೇಳಿ ನನಗೆ ಇನ್ನಷ್ಟು ದಿಗಿಲಾಯಿತು. ಓದಿದವಳಿಗೆ ತಿಳಿಯುತ್ತಿಲ್ಲ, ಹಿರಿಯರಿಗೂ ತಿಳಿಯುತ್ತಿಲ್ಲ ಎಂದರೆ ಯಾರನ್ನು ಕೇಳುವುದು? ಅಮ್ಮಿ ಮಾತ್ರ "ಇಬ್ಬರೂ ಉಣ್ರಿ ಮೊದಲ, ಪಲ್ಲೆ ಆರಾಕತ್ತೈತಿ" ಎಂದಳು.

ಮುಂದಿನ ಸಂತೆಗೆ ಶಾಂತವ್ವನನ್ನು ಹುಡುಕಿಕೊಂಡು ಹೋದೆ. ಎಲ್ಲ ಬಿಡಿಸಿ ಹೇಳಿದೆ. ಹೆಸರು ಹಾಕುವುದಿಲ್ಲ, ಊರು ಹಾಕುವುದಿಲ್ಲ, ಬೇಡವೆಂದರೆ ಈಗಲೇ ಅಳಿಸುತ್ತೇನೆ ಎಂದೆ. "ಮೊದಲ ಕೇಳಸ, ನಾ ಏನ ಅಂದೇನಿ ಅಂತ ನನಗ ನೆನಪಿಲ್ಲ" ಎಂದಳು. ಹೆಡ್‌ಫೋನ್ ಹಾಕಿದೆ. ಕೇಳುತ್ತ ಕೇಳುತ್ತ ಆಕೆಯ ಮುಖ ಸಣ್ಣದಾಯಿತು. ಆಮೇಲೆ, ಕಿವಿ ಮುಚ್ಚಿದ್ದಕ್ಕೋ ಏನೋ, ಇಡೀ ಸಂತೆಗೆ ಕೇಳುವ ಹಾಗೆ ಒದರಿದಳು: "ಅಯ್ಯ ನನ ಶಿವನ! ಇದು ಥೇಟ ನಮ್ಮಕ್ಕನ ಧ್ವನಿ!"

ಸುತ್ತಲಿನವರೆಲ್ಲ ತಿರುಗಿ ನೋಡಿದರು. ಆಕೆ ಹೆಡ್‌ಫೋನ್ ತೆಗೆದು ಮಡಿಲಲ್ಲಿಟ್ಟುಕೊಂಡಳು.

"ಇದು ಹುಕ್ಕೇರಿತನಾ ಕೇಳತೈತೇನ ಶಮೀಮಾ?"

"ಕೇಳತೈತಿ ಅಕ್ಕಾ. ಯಾರರೆ ರೇಡಿಯೋ ಹಚ್ಚಿದ್ರ."

"ಹಾಕ ಹಂಗಾರ," ಎಂದು ಎದ್ದಳು. ಸೆರಗು ಕೊಡವಿಕೊಂಡು ಹೊರಟವಳು ಎರಡು ಹೆಜ್ಜೆ ಹೋಗಿ ತಿರುಗಿ, "ಹೆಸರ ಬ್ಯಾಡ ಮತ್ತ" ಎಂದಳು.

ಮೇಡಂ ಕೇಳಿದರು, ಕನ್ನಡಕ ತೆಗೆದು ಒರೆಸಿಕೊಂಡರು, ಪ್ರಸಾರದ ದಿನ ಗೊತ್ತು ಮಾಡಿದರು. ವಾರದ ಕಾರ್ಯಕ್ರಮ ಸಿಕ್ಕಿತೇ ಎಂದು ನೀವು ಕೇಳುತ್ತೀರಿ. ಸಿಕ್ಕಿತು. ಆದರೆ ಅವತ್ತು ನನಗೆ ಸಂತೋಷವಾಯಿತೋ ಸಂಕಟವಾಯಿತೋ ಇವತ್ತಿಗೂ ಹೇಳಲಾರೆ. ಬಸ್ಸಿನಲ್ಲಿ ಕುಳಿತು ಯೋಚಿಸಿದೆ: ಮಧ್ಯಾಹ್ನದ ಹೊತ್ತಿನಲ್ಲಿ ಹುಕ್ಕೇರಿಯಲ್ಲಿ ಯಾರು ರೇಡಿಯೋ ಹಚ್ಚುತ್ತಾರೆ? ನನ್ನ ಸ್ವಂತ ಚಿಕ್ಕಮ್ಮನೇ ಹಚ್ಚುವುದಿಲ್ಲ. ಶಾಂತವ್ವ ಅಲ್ಲಿ ದಾರಿ ಕಾಯುತ್ತಿರುತ್ತಾಳೆ, ಮಾತು ಗಾಳಿಯಲ್ಲಿ ಹುಕ್ಕೇರಿಯ ತಲೆಯ ಮೇಲೆ ಹಾದುಹೋಗುತ್ತದೆ. ನಾನೇ ಹೋಗಿ ಗಂಗವ್ವನ ಕಿವಿಗೆ ಹಿಡಿಯಲೇ? ಹಿಡಿದರೆ ನಾನು ಪತ್ರಕರ್ತೆಯೋ, ಮನೆಮುರುಕಿಯೋ? ಪುಸ್ತಕದಲ್ಲಿ ಇದಕ್ಕೆ ಉತ್ತರ ಇರಲಿಲ್ಲ.

"ಎಂದ ಬರತೈತಿ?" ಎಂದು ಅಬ್ಬಾ ಕೇಳಿದರು. ದಿನ, ಹೊತ್ತು ಎರಡೂ ಹೇಳಿದೆ. "ಅವತ್ತ ಹುಕ್ಕೇರಿ ಸಂತಿ," ಎಂದು ಹೇಳಿ ಬಳೆ ಜೋಡಿಸುತ್ತ ಕುಳಿತರು.

ನಾನೂ ಬರುತ್ತೇನೆ ಎಂದೆ. ಯಾಕೆ ಎಂದು ಅವರು ಕೇಳಲಿಲ್ಲ, ಕೇಳಿದ್ದರೆ ನನಗೂ ಗೊತ್ತಿರಲಿಲ್ಲ. ಕಿವಿಗೆ ಇಯರ್‌ಫೋನ್ ಹಾಕಿಕೊಂಡು ಪೆಟ್ಟಿಗೆಗಳ ಹಿಂದೆ ಒಬ್ಬಳೇ ಕೇಳಿದರಾಯಿತು ಎಂದುಕೊಂಡೆ. ಗಂಗವ್ವ ಕಾರ್ಯಕ್ರಮದ ಹೊತ್ತಿಗಿಂತ ಮುಂಚೆಯೇ ಬಂದಳು. ಮುಂದೆ ಇಬ್ಬರೇ ಇದ್ದರು. ಆದರೆ ಯಾವ ಹೆಣ್ಣುಮಗಳನ್ನೂ ಕಾಯಿಸದ ಅಬ್ಬಾ, "ಸ್ವಲ್ಪ ಕುಂಡ್ರವ್ವಾ, ಹೊಸಾ ಮಾಲ ಬಿಚ್ಚತೇನಿ" ಎಂದರು. ಬಿಚ್ಚಿದರು, ಮತ್ತೆ ಕಟ್ಟಿದರು. ಇನ್ನೊಂದು ಪೆಟ್ಟಿಗೆ ತೆಗೆದರು. ಆಕೆಯ ಹಿಂದೆ ಬಂದವರಿಗೂ ತೊಡಿಸಿ ಕಳಿಸಿದರು. "ಏನ ಕಾಕಾ, ಮನ್ಯಾಗ ಒಲಿ ಮ್ಯಾಲ ಬ್ಯಾಳಿ ಇಟ್ಟ ಬಂದೇನಿ" ಎಂದು ಗಂಗವ್ವ ಗೊಣಗಿದಳು. "ಬಂತವ್ವಾ, ಬಂತು ನಿನ್ನ ಪಾಳಿ," ಎಂದರು. ಅಬ್ಬಾ ಏನು ಮಾಡುತ್ತಿದ್ದಾರೆಂದು ಆಗ ತಿಳಿಯಿತು.

ಅವರು ಕಿಸೆಯಿಂದ ಫೋನು ತೆಗೆದರು. ರೇಡಿಯೋ ಹಚ್ಚುವುದನ್ನು ನಾನೇ ಹಿಂದೊಮ್ಮೆ ತೋರಿಸಿಕೊಟ್ಟಿದ್ದೆ. ಅವರು ಅದನ್ನು ಮುಟ್ಟಿದ್ದನ್ನು ಮಾತ್ರ ಎಂದೂ ನೋಡಿರಲಿಲ್ಲ. ಬಳೆಯ ಪೆಟ್ಟಿಗೆಯ ಮೇಲೆ ಇಟ್ಟು ಸಪ್ಪಳ ಪೂರ್ತಿ ಏರಿಸಿದರು. ಆಮೇಲೆ ಗಂಗವ್ವನ ಕೈ ಹಿಡಿದರು. ಆ ಸಲ ತವರುಮನೆಯ ಮಾತು ಕೇಳಲಿಲ್ಲ.

ಬಳೆಯ ಸಪ್ಪಳ ಬಂತು, ನಗೆ ಬಂತು, ನನ್ನ ಧ್ವನಿ ಬಂತು. "ಏ, ನಿಮ್ಮ ಶಮೀಮಾ ಅಲ್ಲೇನ್ರಿ ಇದು!" ಎಂದು ಗಂಗವ್ವ ನಕ್ಕಳು. ನನ್ನ ಕಡೆ ತಿರುಗಿ ಏನೋ ಹೇಳಲು ಬಾಯಿ ತೆರೆದಳು. ಅಷ್ಟರಲ್ಲಿ ಫೋನಿನಿಂದ ಶಾಂತವ್ವ ಮಾತಾಡತೊಡಗಿದಳು.

ಗಂಗವ್ವನ ಬಾಯಿ ತೆರೆದದ್ದು ತೆರೆದ ಹಾಗೇ ಉಳಿಯಿತು. ಖಾಲಿ ಉಡಿಯ ಮಾತು ಬಂದಾಗ ಕೈ ಬಿಗಿಯಾಯಿತು. ಅಬ್ಬಾ ಬಳೆ ಏರಿಸುವುದನ್ನು ನಿಲ್ಲಿಸಿದರು, ಕೈ ಬಿಡಲಿಲ್ಲ. "ಉಟ್ಟ ಸೀರಿ ಮ್ಯಾಲ ಹೊಂಟಬಿಡತೇನಿ" ಎಂದದ್ದು ಕೇಳಿ ಆಕೆ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಕಾರ್ಯಕ್ರಮ ಮುಗಿದು ಯಾರೋ ಬೆಲ್ಲದ ದರ ಓದಲು ಶುರು ಮಾಡಿದರು. ಅಬ್ಬಾ ಫೋನು ಬಂದ್ ಮಾಡಿ ಕಿಸೆಗೆ ಹಾಕಿಕೊಂಡು, ಉಳಿದ ಬಳೆಗಳನ್ನು ಒಂದೊಂದಾಗಿ ತೊಡಿಸಿದರು. ಬೈಯುತ್ತಾಳೋ, ಅಳುತ್ತಾಳೋ, ಇನ್ನು ಮುಂದೆ ಈ ಅಂಗಡಿಗೇ ಬರುವುದಿಲ್ಲವೋ, ಒಂದೂ ತಿಳಿಯಲಿಲ್ಲ.

ಗಂಗವ್ವ ಕಣ್ಣೊರೆಸಿಕೊಂಡು ಎರಡೂ ಕೈ ಮುಂದೆ ಮಾಡಿ ಬಳೆ ನೋಡಿಕೊಂಡಳು. "ಕಾಕಾ, ಇಂಥಾವ ಇನ್ನೊಂದ ಡಜನ್ ಕಟ್ಟಿಕೊಡ್ರಿ. ಉಡ್ಯಾಗ ಹಾಕಿ ಕೊಡಾಕ ಬೇಕಾಗ್ಯಾವ."

ಅಬ್ಬಾ ಪೆಟ್ಟಿಗೆಯ ಮುಚ್ಚಳ ತೆಗೆದರು. "ಯಾ ಅಳತೀವು ಕೊಡ್ಲೆವ್ವಾ?"

"ಅಕಿ ಅಳತಿ ನನಗೇನ ಗೊತ್ರೀ, ಎಷ್ಟ ವರ್ಷಾತು ಅಕಿ ಕೈ ಹಿಡದು," ಎಂದು ಗಂಗವ್ವ ಅವರ ಮುಖವನ್ನೇ ನೋಡಿದಳು. "ನಿಮಗ ಗೊತ್ತೈತಿ."

ಅಬ್ಬಾ ಗಂಗವ್ವನವಕ್ಕಿಂತ ಒಂದು ಅಳತೆ ಸಣ್ಣ ಬಳೆಗಳನ್ನು ಎಣಿಸಿ ತೆಗೆದು ಕಾಗದದಲ್ಲಿ ಸುತ್ತಿದರು.

"ಗೊತ್ತೈತವ್ವಾ," ಅಂದರು.